ಉಪ್ಪು ನೋಡುವವರು

ರಂಜಾನಿನ ರೋಜಾ ಬಿಡಲು ಇನ್ನೂ ಅರ್ಧ ತಾಸಿತ್ತು. ಝಳಕಿ ಕ್ರಾಸಿನ ತನ್ನ ಭಜಿ ಅಂಗಡಿಯಲ್ಲಿ ಹಜರಾಬಿ ಹಸಿರು ಚಟ್ನಿಯ ಬೋಗುಣಿ ಮುಂದಿಟ್ಟುಕೊಂಡು, ಉಪವಾಸವಿಲ್ಲದ ಒಂದು ನಾಲಿಗೆಗಾಗಿ ಕಾಯುತ್ತಿದ್ದಳು.

ಹೋದ ವರ್ಷ ಮಸೀದಿಯ ಇಫ್ತಾರಿಗೆ ಅವಳು ಕಳಿಸಿದ ಚಟ್ನಿಯಲ್ಲಿ ಉಪ್ಪು ಹೆಚ್ಚಾಗಿ, ಇಡೀ ಜಮಾತು ನೀರು ಕುಡಿದೇ ಹೊಟ್ಟೆ ತುಂಬಿಸಿಕೊಂಡಿತ್ತು. ಈ ಸಲವೂ ಕೆಟ್ಟರೆ ರಂಜಾನಿನ ಭಜಿ ಬೇರೆಯವರ ಪಾಲು ಎಂದು ಮಸೀದಿಯ ಹಿರಿಯ ಗೈಬುಸಾಬ ಹೇಳಿಬಿಟ್ಟಿದ್ದ.

ಅದಕ್ಕೇ ಈ ಸಲ ರುಚಿ ನೋಡಿಕೊಡಲು ಒಪ್ಪಿದ್ದವಳು ಪಕ್ಕದ ಹೂವಿನಂಗಡಿಯ ರೇಣವ್ವ. ಆಕೆ ಬಂದಳು, ಬೋಗುಣಿ ಮೂಸಿದಳು, ಕೈ ಹಿಂದೆ ಕಟ್ಟಿಕೊಂಡಳು.

"ಇವತ್ತ ಸೋಮವಾರ ಐತಿ, ಹಜರಾಬಿ. ನಂದೂ ಉಪವಾಸ."

"ನಿಮ್ಮ ದೇವರಿಗೆ ಬ್ಯಾರೆ ವಾರ ಸಿಗಲಿಲ್ಲೇನ?"

"ನಾಲಗಿ ತುದಿಗೆ ಹಚ್ಚಿ ಉಗುಳಿದ್ರ ನಿಮ್ಮೊಳಗ ನಡೀತೈತಲ್ಲ?"

"ಹೋದ ವರ್ಷ ಹಂಗ ಮಾಡಿದ್ದೆ. ಹಸದ ನಾಲಗಿಗೆ ಎಲ್ಲಾ ಚಲೋನ ಅನಸ್ತೈತಿ."

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಡ್ರೈವರನದೂ ರೋಜಾ, ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗುವವರೆಗೆ ಬಸ್ಸು ಹೊರಡದು ಎಂದು ಸಾರಿ ಕಂಡಕ್ಟರ್ ದುಂಡೇಶ ಕೆಳಗಿಳಿದ. ರೇಣವ್ವ ಅವನ ರಟ್ಟೆ ಹಿಡಿದು ಎಳೆತಂದಳು.

"ತಮ್ಮಾ, ಉಪವಾಸ ಅದಿಯೇನ?"

"ಇಲ್ಬೇ."

"ಬಾಯಿ ತಗಿ."

ದುಂಡೇಶ ಚಮಚ ನೆಕ್ಕಿದ. "ಬರೇ ಚಟ್ನಿ ತಿಂದು ಹೆಂಗ ಹೇಳೂದ್ರಿ, ಅಕ್ಕಾರ? ಭಜಿಗೆ ಹಚ್ಚಿ ನೋಡಬೇಕು."

ಅದು ನ್ಯಾಯವಾದ ಮಾತು. ಹಜರಾಬಿ ಒಂದು ಭಜಿ ಕೊಟ್ಟಳು. ಭಜಿಯಲ್ಲಿ ಉಪ್ಪಿದ್ದುದರಿಂದ ಯಾವುದು ಯಾವುದರ ಉಪ್ಪೆಂದು ತಿಳಿಯದೆ ಅವನು ಇನ್ನೊಂದು ಕೇಳಿದ. ಆಮೇಲೆ ಹೇಳಿದ: "ನನ್ನ ಒಬ್ಬನ ಮಾತು ನಂಬಬ್ಯಾಡ್ರಿ. ನಾ ಬಾಗೇವಾಡಿಯಾಂವ. ಸಿಂದಗಿಯವರೂ ಒಬ್ರು ನೋಡ್ಲಿ."

ಸಿಂದಗಿಯವನೊಬ್ಬ ಇಳಿದು ಹುಳಿ ಕಡಿಮೆ ಎಂದ; ಹಜರಾಬಿ ಇಂಡಿ ಊರಿನ ನಿಂಬೆ ಹಿಂಡಿದಳು. ಮುದ್ದೇಬಿಹಾಳದ ಮುದುಕಿ ಹುಳಿ ಹೆಚ್ಚಾಯಿತೆಂದು ಬೆಲ್ಲ ಹಾಕಿಸಿದಳು. ಬೆಲ್ಲ ಬಿದ್ದ ಮೇಲೆ ಎಲ್ಲರೂ ಮೊದಲಿನಿಂದ ನೋಡಬೇಕಾಯಿತು. ದುಂಡೇಶ ಸೀಟಿ ಊದಿ ಸಾಲು ಹಚ್ಚಿದ. ನೋಡಿದವರು ರುಚಿ ಮರೆತುಹೋಯಿತೆಂದು ಮತ್ತೆ ಸಾಲಿನ ಕೊನೆಗೆ ನಿಂತರು.

ಕಡೆಗೆ ಬಸ್ಸು ಒಮ್ಮತಕ್ಕೆ ಬಂತು: ಉಪ್ಪು ಸರಿಯಾಗಿದೆ. ಆಗ ಹಜರಾಬಿ ಬೋಗುಣಿಯೊಳಗೆ ನೋಡಿದಳು. ತಳ ಕಾಣುತ್ತಿತ್ತು. ಭಜಿಯ ಬುಟ್ಟಿಯಲ್ಲಿ ಎಣ್ಣೆ ಹೀರಿದ ಕಾಗದವಷ್ಟೇ ಇತ್ತು.

ಬಾಂಗ್ ಕೇಳಿಸಿತು. ಬೇರೇನೂ ತೋಚದೆ ಅವಳು ಬಸ್ಸಿನ ಜನರನ್ನೆಲ್ಲ ಮಸೀದಿಯ ಬಾಗಿಲಿಗೆ ಕರೆದೊಯ್ದಳು. ಗೈಬುಸಾಬ ಬಾಯಲ್ಲಿ ಖರ್ಜೂರ ಇಟ್ಟುಕೊಂಡೇ ಹೊರಬಂದ. ಜನ ಒಬ್ಬೊಬ್ಬರಾಗಿ ಮುಂದೆ ಬಂದು, ಹೆಸರು ಊರು ಹೇಳಿ, ಉಪ್ಪು ಸರಿಯಿತ್ತೆಂದು ಸಾಕ್ಷಿ ನುಡಿದರು.

"ಆತು," ಎಂದ ಗೈಬುಸಾಬ. "ಚಟ್ನಿ ಎಲ್ಲೈತಿ?"

"ಇವರೊಳಗೈತ್ರಿ, ಕಾಕಾ."

ಗೈಬುಸಾಬ ಸಾಲಿನುದ್ದಕ್ಕೂ ನೋಡಿದ. ಒಬ್ಬರೂ ನೀರು ಕೇಳುತ್ತಿರಲಿಲ್ಲ. ಅದು ಅವನಿಗೆ ಹಿಡಿಸಿತು.

"ರಂಜಾನ್ ಮುಗಿಯೂತನಕ ನೀನ ಮಾಡವ್ವ. ನಾಳಿ ಬಸ್ ಬರೂಕಿಂತ ಮೊದಲ ತಂದುಬಿಡು."

ಅಂಗಡಿಗೆ ಮರಳಿದ ಮೇಲೆ ಹಜರಾಬಿಗೆ ತಾನಿನ್ನೂ ರೋಜಾ ಬಿಟ್ಟಿಲ್ಲವೆಂದು ನೆನಪಾಯಿತು. ನೀರು ಕುಡಿದಳು. ಬೋಗುಣಿಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದಳು.

ಹೋದ ವರ್ಷದ ಹೆದರಿಕೆಯಲ್ಲಿ ಚಟ್ನಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

"ಹೆಂಗೈತಿ?" ಎಂದಳು ಹೂ ಕಟ್ಟುತ್ತಿದ್ದ ರೇಣವ್ವ.

"ಎಲ್ಲಾರೂ ಹೇಳಿದಂಗ ಐತಿ," ಎಂದು ಹಜರಾಬಿ ಬೋಗುಣಿಯನ್ನು ನೀರಿನಲ್ಲಿ ಮುಳುಗಿಸಿದಳು.