ಜಲವರ್ಣದ ಕಣಿವೆ

ಹ್ಯೂಸ್ಟನ್‌ಗೆ ಬಂದು ತಿಂಗಳಾದರೂ ಯಾವುದನ್ನೂ ಮೆಚ್ಚದ ಅಪ್ಪ, ಮ್ಯೂಸಿಯಮ್ಮಿನಲ್ಲಿ ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಜಲವರ್ಣ. ಎರಡು ಗುಡ್ಡಗಳ ನಡುವೆ ಹೊಳೆ, ದಡದಲ್ಲಿ ಹುಲ್ಲಿನ ಮನೆಗಳು, ಹಸುಗಳನ್ನು ಹೊಡೆದುಕೊಂಡು ಹೋಗುವ ಪುಟ್ಟ ಹುಡುಗಿ. ಸದ್ಯ, ಇದಾದರೂ ಹಿಡಿಸಿತಲ್ಲ ಅಂದುಕೊಂಡೆ.

"ಒಳ್ಳೇ ಜಾಗ ಕಣಮ್ಮ," ಎಂದರು. ನೀರಾವರಿ ಇಲಾಖೆಯಲ್ಲಿ ಅಣೆಕಟ್ಟು ಕಟ್ಟಿಸಿ ನಿವೃತ್ತರಾದವರು. "ಈ ಗುಡ್ಡದಿಂದ ಆ ಗುಡ್ಡಕ್ಕೆ ಡ್ಯಾಮ್ ಹಾಕಿದ್ರೆ ನೀರು ಇಲ್ಲೀತನಕ ನಿಲ್ಲುತ್ತೆ." ಅವರ ಬೆರಳು ಗಾಜಿನ ಮುಂದೆ, ಮನೆಗಳ ಸೂರಿಗಿಂತ ಮೇಲೆ, ಗೆರೆ ಎಳೆಯಿತು.

"ದೆನ್ ವೇರ್ ವಿಲ್ ಶಿ ಗೋ, ತಾತ?" ನನ್ನ ಮಗಳು ಇಂಚರಾ ಆ ಹುಡುಗಿಯನ್ನು ತೋರಿಸಿದಳು.

ಅಪ್ಪ ಬಗ್ಗಿ ನೋಡಿದರು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಅವಳು ನಂಗೆ ಕಾಣಿಸ್ಲೇ ಇಲ್ಲ, ಪುಟ್ಟಾ," ಎಂದರು. "ನಮ್ಮ ಡ್ಯಾಮ್ ಕಟ್ಟುವಾಗ್ಲೂ ಕಾಣಿಸಿರ್ಲಿಲ್ಲ."