ಇವರ ತಲೆಯ ಗೆರೆಗಳು

ಹುಣಸೆಮರದಿಂದ ಬಿದ್ದಮೇಲೆ ನಮ್ಮ ಯಜಮಾನರು ಮಾತಾಡಲಿಲ್ಲ. ತಿನ್ನಿಸಿದರೆ ತಿನ್ನುವರು, ಕೈ ಹಿಡಿದರೆ ನಡೆಯುವರು. ಕಣ್ಣು ಬಿಟ್ಟೇ ಇರುತ್ತಿದ್ದವು, ಆದರೆ ಅವುಗಳಲ್ಲಿ ನಾನು ಇರಲಿಲ್ಲ. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ನಾನು ಮದುವೆಯಾಗಿ ಕೊಡಿಗೇಹಳ್ಳಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ಮಕ್ಕಳಿರಲಿಲ್ಲ.

ಭಾವ ಚಿಕ್ಕಬೈರಪ್ಪನವರು ಕೆಟ್ಟವರಲ್ಲ. "ನೋಡು ದ್ರೌಪದಮ್ಮ, ಅವನು ಒಳಗಿಲ್ಲ. ಮೈ ಒಂದೈತೆ ಅಷ್ಟೆ. ನೀನ್ಯಾಕೆ ಬಾಳು ಆಳು ಮಾಡ್ಕೋತೀಯ? ತವರಿಗೆ ಓಗು, ನಿಮ್ಮಪ್ಪ ಇನ್ನೊಂದು ಕಡೆ ನೋಡ್ತಾನೆ" ಅಂದರು. ನಮ್ಮಲ್ಲಿ ಹೆಣ್ಣಿಗೆ ಎರಡನೇ ಸಲ ಕೂಡಿಕೆ ಮಾಡೋದುಂಟು, ತಪ್ಪೇನಿಲ್ಲ.

"ದೊಡ್ಡಾಸ್ಪತ್ರೇಲಿ ತಲೆಯೊಳಗೆ ನೋಡೋ ಮಿಷನ್ ಬಂದೈತಂತೆ ಭಾವ. ಅದೂ ಇಲ್ಲ ಅಂದ್ರೆ ಓಗ್ತೀನಿ" ಅಂದೆ.

ಹೊರಡೋ ಬೆಳಿಗ್ಗೆ ಇವರ ನೆತ್ತಿಗೆ ಹರಳೆಣ್ಣೆ ತಟ್ಟಿದೆ. ದೊಡ್ಡವರ ಮುಂದೆ ಒಣತಲೇಲಿ ಕೂರಿಸೋದುಂಟೆ? ತಲೆ ತಂಪಾಗಿದ್ದರೆ ಮಿಷನ್ನಿಗೂ ಚೆನ್ನಾಗಿ ಕಾಣುತ್ತೆ ಅಂತ ಇನ್ನೊಂದು ಕೈ ಹೆಚ್ಚೇ ಹಾಕಿದೆ.

ಆಸ್ಪತ್ರೇಲಿ ತಲೆಗೆ ತಂತಿ ಅಂಟಿಸುವ ಗಯಾಸ್ ಸಾಬರು ಮುಟ್ಟಿದವರೇ ಕೈ ಹಿಂದಕ್ಕೆಳೆದರು. "ಏನಮ್ಮಾ ಇದು! ಗಂಡನ್ನ ಪರೀಕ್ಷೆಗೆ ತಂದ್ಯೋ, ಬೋಂಡಾ ಕರಿಯೋಕೆ ತಂದ್ಯೋ? ಎಣ್ಣೆ ಮೇಲೆ ತಂತಿ ನಿಲ್ಲುತ್ತಾ?"

ಜೊತೆಗೆ ಬಂದಿದ್ದ ಭಾವನಿಗೆ ಸಿಟ್ಟು ಬಂತು. "ನಡಿ ವಾಪಸ್ಸು" ಅಂದರು. ಸಾಬರೇ ನಕ್ಕು, ಸೋಪು ಕೊಟ್ಟು, ಹಿಂದಿನ ನಲ್ಲಿ ತೋರಿಸಿದರು. ಹರಳೆಣ್ಣೆ ಸುಮ್ಮನೆ ಬಿಡುತ್ಯೆ? ಉಜ್ಜಿದೆ, ಸುರಿದೆ, ಮತ್ತೆ ಉಜ್ಜಿದೆ. ನನ್ನ ಬೆರಳ ಕೆಳಗೇ ಇದ್ದರು ಇವರು. ನಡುವೆ ಒಂದು ಬುರುಡೆ, ಅಷ್ಟೇ ದೂರ.

ಆಮೇಲೆ ತಂತಿ ಅಂಟಿಸಿ, ಮಲಗಿಸಿ ಕಣ್ಣು ಮುಚ್ಚಿಸಿದರು. ಏನೂ ಮಾಡಿಸಲಿಲ್ಲ, ಸುಮ್ಮನೆ ಇರಲಿ ಅಂದರು. ಓಡುವ ಕಾಗದದ ಮೇಲೆ ಮಿಷನ್ನಿನ ಮುಳ್ಳುಗಳು ತಾವಾಗೇ ಗೆರೆ ಬರೆದವು. ನಾನು ಬಗ್ಗಿ ನೋಡಿದೆ. ಓದಲು ಬಾರದವಳು, ಅಲ್ಲಿ ನನ್ನನ್ನೇ ಹುಡುಕಿದೆ.

ಡಾಕ್ಟರಮ್ಮ ಕಾಗದ ತಿರುವಿ ಹೇಳಿದರು. "ಕಣ್ಣು ಮುಚ್ಚಿದಾಗ ಬರಬೇಕಾದ ಅಲೆ ಬರ್ತಾ ಇದೆ, ಸಣ್ಣಗೆ. ಇದು ಮಿದುಳಿನ ಮೇಲುಭಾಗದ್ದು."

"ಆಳದ್ದು?"

"ಹೆಬ್ಬಾಳದ ಕೆರೆ ನೋಡಿದ್ದೀಯಲ್ಲಮ್ಮ. ತಳದಲ್ಲಿ ಒಂದು ಮೀನು ತಿರುಗಿದ್ರೆ ದಡದಲ್ಲಿರೋರಿಗೆ ಗೊತ್ತಾಗಲ್ಲ. ಇಡೀ ಹಿಂಡು ಒಟ್ಟಿಗೆ ತಿರುಗಿದ್ರೆ ಮೇಲೆ ನೀರು ಸ್ವಲ್ಪ ಅಲುಗಬಹುದು. ಅದೂ ಒಂದೊಂದ್ಸಲ ಕಾಣೋದಿಲ್ಲ."

"ಅಂದ್ರೆ, ಒಳಗೆ ನಾನು ಇದೀನಾ ಅಮ್ಮಾ?"

ಆಕೆ ಕಾಗದವನ್ನು ಮತ್ತೆ ಮೊದಲಿಂದ ತಿರುವಿದರು. "ಇದ್ದೀಯ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಅಷ್ಟು ಆಳಕ್ಕೆ ಇದು ಇಳಿಯಲ್ಲಮ್ಮ."

ಬಸ್ಸಿನಲ್ಲಿ ಭಾವ, "ಕೇಳುದ್ಯಲ್ಲ, ಕಾಣಲ್ಲ ಅಂದ್ರು" ಅಂದರು.

"ಕಾಣಲ್ಲ ಅಂದ್ರು ಭಾವ. ಇಲ್ಲ ಅನ್ನಲಿಲ್ಲ."

"ಮೊಂಡಿ ಕಣಮ್ಮ ನೀನು" ಅಂದರು, ಸುಮಾರು ದೂರ ಬಂದಮೇಲೆ. ತವರಿನ ಮಾತು ಮತ್ತೆ ಎತ್ತಲಿಲ್ಲ.

ನಮ್ಮ ಸ್ಟಾಪು ಬಂತು. ಇವರ ಮುಖ ನೋಡಿ, "ಇಳಿಯೋಣ್ವಾ?" ಅಂದೆ. ಉತ್ತರಕ್ಕೆ ಕಾದೆ. "ಬೇಗ ಇಳೀರಮ್ಮೋ!" ಅಂತ ಕಂಡಕ್ಟರು ಕೂಗಿದ. ಇನ್ನೂ ಒಂದು ಗಳಿಗೆ ಕಾದು, ಆಮೇಲೆ ಕೈ ಹಿಡಿದೆ.