ಹೊಲಿಗೆ ಕೋಣೆಯ ಬೀಜಗಳು

ಹೊಲಿಗೆ ಕೋಣೆಯ ಕಿಟಕಿಗೆ ಒರಗಿದ್ದ ಬಾಟಲ್ ಬ್ರಷ್ ಗಿಡದ ಬೇರು ಕೊಳೆತಿತ್ತು. ಕೆಂಪು ಹೂವಿನ ಆ ಗಿಡ ನೆಟ್ಟವಳು ನಮ್ಮಮ್ಮ. ಅಮ್ಮ ಹೋದ ಮೇಲೆ ಅತ್ತಿಗೆಗೆ ಆ ಗಿಡವೇ ಅತ್ತೆ. ಸೂಜಿಗೆ ದಾರ ಪೋಣಿಸಲೂ ಬಾರದೆ ಮನೆಗೆ ಬಂದ ಸೊಸೆಗೆ ಅದರ ನೆರಳಲ್ಲೇ ಕೂರಿಸಿಕೊಂಡು ಅಮ್ಮ ಹೊಲಿಗೆ ಕಲಿಸಿದ್ದಳು. ಹೆತ್ತ ಮಗಳಾದ ನನಗೆ ಗುಂಡಿ ಹಚ್ಚಲೂ ಬರುವುದಿಲ್ಲ, ಆ ಮಾತು ಬಿಡಿ.

ಒಂದು ಸಸಿಯಾದರೂ ಉಳಿಯಲೆಂದು ಅತ್ತಿಗೆ ಕೊಂಬೆಗಂಟಿದ ಕಾಯಿಗಳನ್ನು ಜಜ್ಜಿದಳು, ನೆನೆಹಾಕಿದಳು. ಅವು ಜಪ್ಪಯ್ಯ ಅನ್ನಲಿಲ್ಲ.

"ಪರದೇಶದ ಗಿಡ ಅಕ್ಕ. ಸೀಬೆ, ನೇರಳೆಗೆ ದಾಯಾದಿ, ಆದ್ರೆ ಮಹಾ ಜಿಪುಣ," ಎಂದ ನರ್ಸರಿಯವನು. "ಕೊಂಬೇಲಿ ಜೀವ ಇರೋವರೆಗೂ ಕಾಯಿ ಬಾಯಿ ಬಿಡಲ್ಲ. ತಾನಾಗೇ ಒಣಗಿದ್ರೆ ಬೀಜ ಗಾಳಿಪಾಲು. ಈಗ್ಲೇ ಕತ್ತರಿಸಿ ಒಳಗಿಡಿ."

ದಿನವಿಡೀ ಬಟ್ಟೆ ಕತ್ತರಿಸುವವಳಿಗೆ ಅಂದು ಕೈ ಬರಲಿಲ್ಲ. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ಕೊಂಬೆ ಕಡಿದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿದಳು. ಕಿಟಕಿ ಬಂದ್, ಫ್ಯಾನ್ ಬಂದ್. ಸೆಕೆಯಲ್ಲಿ ಬೇಯುತ್ತಾ ಇಬ್ಬರೂ ಕಾವಲು ಕೂತೆವು.

ಒಂದು ಮಧ್ಯಾಹ್ನ ಜೊಂಪಿನಲ್ಲಿದ್ದಾಗ ಚಿಟಚಿಟ ಸದ್ದು, ಯಾರೋ ಮೆಲ್ಲಗೆ ಹೊಲಿಗೆ ಬಿಚ್ಚುತ್ತಿರುವಂತೆ. ಕಾಯಿಗಳು ಬಾಯಿ ತೆರೆಯುತ್ತಿದ್ದವು. ನಶ್ಯದಷ್ಟು ಸಣ್ಣ ಬೀಜ ಬಟ್ಟೆಯ ಮೇಲೆ ಉದುರುತ್ತಿತ್ತು. ನಿದ್ದೆಯೋ ಎಚ್ಚರವೋ, ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ ಅನಿಸಿತು ನನಗೆ. ಅತ್ತಿಗೆ ಉಸಿರು ಬಿಗಿಹಿಡಿದಿದ್ದಳು.

ಆಗಲೇ ಅಣ್ಣ ಒಳಬಂದ. "ಉಸ್ಸಪ್ಪಾ, ಏನ್ ಸೆಕೆ!" ಎನ್ನುತ್ತಾ ಫ್ಯಾನ್ ಹಾಕಿದ.

ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟೆ ಬರಿದಾಯಿತು.

"ನಿನ್ ಬುದ್ಧಿಗೆ ಬೆಂಕಿ ಹಾಕ!" ಎಂದು ನಾನು ಕಿರುಚಿದೆ. ಅಣ್ಣ ಸ್ವಿಚ್ ಮೇಲೆ ಕೈಯಿಟ್ಟೇ ನಿಂತುಬಿಟ್ಟ. ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ಗುಡಿಸ್ರಿ. ಆದ್ರೆ ಒಂದು ಚೂರೂ ಎಸೀಬೇಡಿ," ಎಂದಳು.

ಅಣ್ಣ ಮಂಡಿಯೂರಿ ಮೂಲೆಮೂಲೆ ಗುಡಿಸಿದ. ಧೂಳು, ದಾರದ ಚೂರು, ಬಟ್ಟೆಯ ಎಳೆ, ಯಾವ ಕಾಲದ್ದೋ ಕಸ, ಎಲ್ಲವನ್ನೂ ಕುಂಡಗಳಿಗೆ ಸುರಿದೆವು. ನೀರು ಚಿಮುಕಿಸುವ ಕೆಲಸವನ್ನು ಅವನೇ ವಹಿಸಿಕೊಂಡ.

ಕಿಟಕಿಯಾಚೆಯ ಗಿಡ ಪೂರ್ತಿ ಒಣಗಿದ ವಾರ ಒಂದು ಕುಂಡದಲ್ಲಿ ಹಸಿರು ಕಂಡಿತು. ದಾರವೋ ಮೊಳಕೆಯೋ ತಿಳಿಯಲಿಲ್ಲ. ಅತ್ತಿಗೆ ಬಗ್ಗಿ ಬೆರಳ ತುದಿಯಿಂದ ಮುಟ್ಟಿದಳು. ಅದು ಬಾಗಿ ಮತ್ತೆ ನೆಟ್ಟಗಾಯಿತು.

"ಬಂದ್ರಾ ಅತ್ತೆ?" ಎಂದಳು. "ಎಷ್ಟು ಕಾಯಿಸ್ಬಿಟ್ರಿ."